ಕಿಟಕಿಗೆ ಹಿಡಿಸದ ಹೆಸರುಗಳು

ಅಳತೆಯ ಪಾಠ ಮಾಡುವವನ ಸುತ್ತಲೇ ಅಳತೆ ತಪ್ಪುವ ಪ್ರಸಂಗಗಳು ಯಾಕೆ ಬಂದು ಸೇರುತ್ತವೋ ತಿಳಿಯದು. ತಮಿಳುನಾಡಿಗೆ ಸೇರಿದ ತಾಳವಾಡಿ ಬೆಟ್ಟದ ಮೇಲಿನ ಕನ್ನಡ ಶಾಲೆಯಲ್ಲಿ ನಾನು ಗಣಿತದ ಮೇಷ್ಟ್ರು. ಹೋದ ವರ್ಷ ಇಂಥವು ಒಂದರ ಬೆನ್ನಿಗೊಂದು ಬಂದವು.

ಎಲ್ಲಕ್ಕೂ ಕಾರಣ ಗ್ರಂಥಾಲಯದ ಪಟ್ಟಿ. ಅದನ್ನು ಕೈಯಲ್ಲಿ ಬರೆದಿಟ್ಟವಳು ನನ್ನ ಹೆಂಡತಿ. ಅವಳೂ ಇದೇ ಶಾಲೆಯಲ್ಲಿದ್ದಳು. ತೀರಿಕೊಂಡು ಎರಡು ವರ್ಷವಾಯಿತು. ಪಟ್ಟಿ ಕಂಪ್ಯೂಟರಿಗೆ ಏರಬೇಕೆಂದು ಆದೇಶ ಬಂದಾಗ, ಮೇಲಿನಿಂದ ಕಳಿಸಿದ ಪ್ರೋಗ್ರಾಂ ಪ್ರತಿ ಹೆಸರನ್ನೂ ಮೂವತ್ತು ಅಕ್ಷರಕ್ಕೆ ಕತ್ತರಿಸುತ್ತಿತ್ತು. ಅವಳು ಬರೆದದ್ದರಲ್ಲಿ ಒಂದಕ್ಷರವೂ ಹೋಗಬಾರದೆಂದು ನನಗಿತ್ತು. ಅದನ್ನು ಹೇಳಿದ್ದು ಪಣಕಹಳ್ಳಿಯಿಂದ ಸ್ಕೂಟರಿನಲ್ಲಿ ಬರುವ ನಮ್ಮ ಕಂಪ್ಯೂಟರ್ ಟೀಚರಿಗೆ ಮಾತ್ರ. ಆಕೆ, "ಬುಡಿ ಸಾರ್, ಪ್ರೋಗ್ರಾಂ ನಾನೇ ಬರೀತೀನಿ" ಎಂದಳು. ತಪಾಸಣೆಗೆ ಬರುವ ಅಧಿಕಾರಿ ಒಪ್ಪಿದರೆ ಆಕೆಯ ಪ್ರೋಗ್ರಾಂ. ಇಲ್ಲದಿದ್ದರೆ ಕತ್ತರಿ.

೧. ಮೊಳ

ಮೊದಲ ದಿನ ಪರದೆಯ ಮೇಲೆ ಆಕೆಯ ಪ್ರೋಗ್ರಾಮಿನ ಕಿಟಕಿ, ಅಂದರೆ ವಿಂಡೋ, ತೆರೆಯಿತು. ಇಂಗ್ಲಿಷ್ ಪದಗಳು ತಮ್ಮ ಚೌಕದಲ್ಲಿ ಆರಾಮಾಗಿ ಕೂತಿದ್ದವು. ಕನ್ನಡ ಪದಗಳ ಬಾಲ ಚೌಕದ ಗೋಡೆಯೊಳಗೆ ಹೋಗಿತ್ತು.

"ಚೌಕದ ಅಗಲ ಎಷ್ಟು ಪಿಕ್ಸೆಲ್?" ಎಂದೆ. ಪಿಕ್ಸೆಲ್ ಎಂದರೆ ಪರದೆಯ ಮೇಲಿನ ಒಂದು ಚುಕ್ಕಿ ಎಂದು ಅಷ್ಟು ಹೊತ್ತಿಗೆ ಕಲಿತಿದ್ದೆ.

ಚೌಕಗಳನ್ನು ಚುಕ್ಕಿಯಲ್ಲಿ ಬರೆಯುವುದಿಲ್ಲ ಎಂದಳು ಟೀಚರು. ಇಂಗ್ಲಿಷ್ ಅಕ್ಷರಗಳ ಸರಾಸರಿ ಅಗಲ ಹಿಡಿದು, ಅದರ ಕಾಲು ಭಾಗವನ್ನು ಒಂದು ಮಾನ ಅನ್ನುತ್ತಾರೆ. ಚೌಕ ಇಷ್ಟು ಮಾನ ಎಂದು ಬರೆದಿಡುತ್ತಾರೆ. ಆಮೇಲೆ ಅದನ್ನು ಚುಕ್ಕಿಗಳಿಗೆ ಪರಿವರ್ತಿಸಬೇಕು. ಅಕ್ಷರ ದಪ್ಪವಾದರೆ ಅದೇ ಮಾನಕ್ಕೆ ಹೆಚ್ಚು ಚುಕ್ಕಿ. ಬೋರ್ಡಿನ ಮೇಲೆ ಎರಡು ಸಲ ಬರೆದಳು. ನನಗೆ ಅರ್ಧ ತಿಳಿಯಿತು. ನನ್ನ ತರಗತಿಯ ಮಕ್ಕಳು ತಲೆಯಾಡಿಸುವ ಹಾಗೆ ನಾನೂ ತಲೆಯಾಡಿಸಿದೆ.

ಕಸ ಗುಡಿಸುತ್ತಿದ್ದ ಅಟೆಂಡರು ಪೊರಕೆ ನಿಲ್ಲಿಸಿದ. ದೊಡ್ಡಗಾಜನೂರಿನವನು, ಹೊಲದಲ್ಲಿ ಚೆಂಡುಹೂ ಬೆಳೆಯುತ್ತಾನೆ.

"ಅಂಗಾರ ಇದು ಮೊಳ ಕಣವ್ವ. ಊವ ಅಳಿಯೋರ ಕೈ ಉದ್ದ ಇದ್ರ ಮೊಳವೂ ಉದ್ದ. ಕೈ ಮೋಟು ಇದ್ರ ಮೊಳವೂ ಮೋಟು. ನಿಮ್ಮ ಕಂಪ್ಯೂಟ್ರು ಇಂಗ್ಲೀಸು ಕೈಲಿ ಅಳ್ದು ಕನ್ನಡಕ್ಕ ಊವ ಮುಡಿಸ್ತಾ ಅದ."

ಟೀಚರು ಸೀಮೆಸುಣ್ಣ ಕೆಳಗಿಟ್ಟಳು. "ಕಾಲೇಜಲ್ಲಿ ನಂಗೆ ನೀವ್ಯಾಕೆ ಪಾಠ ಮಾಡ್ಲಿಲ್ಲಣ್ಣ?"

"ಆಗ ನಾನು ಸಂತೇಲಿದ್ನಲ್ಲವ್ವ, ಬುಡುವಿರ್ನಿಲ್ಲ."

೨. ಸರಾಸರಿ

ಹಾಗಾದರೆ ಕನ್ನಡ ಅಕ್ಷರದ ಸರಾಸರಿ ಅಗಲ ಬೇಕು. ಆ ಕೆಲಸ ನನ್ನದು ಎಂದೆ. ಮೂರು ದಿನ ಊಟದ ಬಿಡುವಿನಲ್ಲಿ ಉಕ್ಕಿನ ಸ್ಕೇಲನ್ನು ಪರದೆಗೆ ಒತ್ತಿ, ಅ ಇಂದ ಳ ವರೆಗೆ ಒಂದೊಂದನ್ನೂ ಅರ್ಧ ಮಿಲಿಮೀಟರಿನ ಮಟ್ಟಕ್ಕೆ ಅಳೆದೆ. ಪರದೆಯ ಅಗಲಕ್ಕೆ ಎಷ್ಟು ಚುಕ್ಕಿ ಎಂದು ಕೇಳಿ, ಮಿಲಿಮೀಟರನ್ನು ಚುಕ್ಕಿ ಮಾಡಿ, ಕೂಡಿ, ಭಾಗಿಸಿದೆ. ಹದಿಮೂರು ಚುಕ್ಕಿ, ಮೇಲೆ ಚಿಲ್ಲರೆ. ಹಾಳೆಯ ಕೆಳಗೆ ಎರಡು ಗೆರೆ ಎಳೆದು ಕೊಟ್ಟೆ.

ಟೀಚರು ಹಾಳೆ ಓದಿದಳು. ಒಂದೇ ಒಂದು ಸಾಲು ಟೈಪು ಮಾಡಿದಳು. ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಕಂಪ್ಯೂಟರು ತಾನೇ ಎಲ್ಲ ಅಕ್ಷರ ಅಳೆದು ಉತ್ತರ ಕೊಟ್ಟಿತು. ಹದಿಮೂರು, ಮೇಲೆ ಚಿಲ್ಲರೆ.

ನಗುತ್ತಾಳೆ ಎಂದುಕೊಂಡೆ. ಆಕೆ ಒಮ್ಮೆ ನನ್ನ ಹಾಳೆ, ಒಮ್ಮೆ ಪರದೆ ನೋಡಿ ಹೇಳಿದಳು: "ಪರವಾಗಿಲ್ಲ ಸಾರ್, ಕಂಪ್ಯೂಟರೂ ಲೆಕ್ಕ ಸರಿಯಾಗೇ ಮಾಡಿದೆ."

೩. ಕನ್ನಡಕ

ಹೆಡ್‌ಮಾಸ್ಟರು ಒಂದು ದಿನ ಕನ್ನಡಕವನ್ನು ಗೆಟ್ಟವಾಡಿಯ ಮನೆಯಲ್ಲಿ ಎಲ್ಲೋ ಇಟ್ಟು ಮರೆತು ಬಂದರು. ಕಾಣಲಿಲ್ಲವೆಂದು ಪರದೆಯ ಅಕ್ಷರಗಳನ್ನೆಲ್ಲ ಒಂದೂವರೆ ಪಟ್ಟು ಹಿಗ್ಗಿಸಿದರು. ಅಕ್ಷರ ಹಿಗ್ಗಿತು, ಚೌಕ ಹಿಗ್ಗಲಿಲ್ಲ. "ಏನಮ್ಮ ಇದು, ಸಂತೆ ದಿನದ ಬಸ್ಸು!" ಎಂದರು.

ಟೀಚರು ವಾದಿಸಲಿಲ್ಲ. ತನ್ನ ಮನೆಯ ಕಂಪ್ಯೂಟರಿನಲ್ಲಿ ಒಂದೇ ಸಲ ಗುಣಿಸಿ, ಬಂದ ಚುಕ್ಕಿಗಳ ಲೆಕ್ಕವನ್ನು ಶಾಶ್ವತವಾಗಿ ಬರೆದುಬಿಟ್ಟಿದ್ದಳು. "ನನ್ ಮೈ ಅಳ್ದು ಇವರಿಗೆ ಅಂಗಿ ಒಲ್ದಿದೀನಿ ಸಾರ್" ಎಂದು ತನ್ನನ್ನೇ ಬೈದುಕೊಂಡಳು. ಕಿಟಕಿ ತೆರೆದಾಗಲೆಲ್ಲ ಹೊಸದಾಗಿ ಅಳೆಯುವಂತೆ ಅಂದೇ ತಿದ್ದಿದಳು.

ಮರುದಿನ ಹೆಡ್‌ಮಾಸ್ಟರು ಕನ್ನಡಕ ಹಾಕಿಕೊಂಡು ಬಂದು ಅಕ್ಷರ ಕುಗ್ಗಿಸಿದರು. ಕಿಟಕಿಯೂ ತಾನಾಗಿ ಕುಗ್ಗಿತು. ಅವರು ಹಿಂದೆ ಸರಿದು ಕೂತರು. "ಕನ್ನಡಕ ಸಿಕ್ಕಿದ್ದು ಇದಕ್ಕೂ ಗೊತ್ತಾಯಿತಲ್ಲ! ಮನೆಯವರಿಗೆ ಹೇಳಲು ಮರೆತು ಬಂದೆ, ಇನ್ನೂ ಹುಡುಕುತ್ತಿದ್ದಾರೆ."

೪. ತಪಾಸಣೆ

ಅಧಿಕಾರಿ ಕೆಳಗಿನ ಬಯಲಿನವರು. ಮಾತೆಲ್ಲ ತಮಿಳು (ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ), ಕನ್ನಡವನ್ನು ಅಕ್ಷರ ಕೂಡಿಸಿ ಓದಬಲ್ಲರು. ಕುರ್ಚಿ ಎಳೆದುಕೊಂಡು, ಇರುವುದರಲ್ಲೇ ಉದ್ದದ ಹೆಸರು ತೋರಿಸಿ ಎಂದರು. ಟೀಚರು ಗುಂಡಿ ಒತ್ತಿದಳು. ಕಿಟಕಿ ಅಳೆದು, ಅಗಲವಾಗಿ, ತೆರೆಯಿತು.

'ರಾಗಿ ಜೋಳಕ್ಕೆ ಬೀಳುವ ಹುಳುಗಳೂ ಅವನ್ನು ಓಡಿಸುವ ಉಪಾಯಗಳೂ ಎರಡನೆಯ ಭಾಗ ಮುಂದಿನ ರಟ್ಟು ಇಲಿ ತಿಂದಿದೆ.'

ಅಧಿಕಾರಿಯ ಬೆರಳು ಕೊನೆಯ ಪದಗಳ ಮೇಲೆ ನಿಂತಿತು. ಇಲಿಯೂ ಹೆಸರಿನಲ್ಲಿ ಸೇರಿದೆಯೇ ಎಂದು ಕೇಳಿದರು.

ಪಟ್ಟಿಯಲ್ಲಿ ಹಾಗೇ ಇತ್ತು. ನಾನು ಹಾಗೇ ಇಳಿಸಿದ್ದೆ.

"ಅದು ಹೆಸರಲ್ಲ, ತೆಗೆಯಿರಿ" ಎಂದರು.

"ಜಾಗ ಇಲ್ದಿದ್ರೆ ತೆಗೀಬಹುದಿತ್ತು ಸಾರ್" ಎಂದಳು ಟೀಚರು. "ಇದೆ."

"ಜಾಗ ಇದ್ದರೆ ಆಯಿತೇ? ನಿಜವೂ ಆಗಿರಬೇಕಲ್ಲ. ಪುಸ್ತಕ ತನ್ನಿ."

ಅಟೆಂಡರು ಎರಡೂ ಅಂಗೈಯ ಮೇಲಿಟ್ಟು ತಂದ. ಮುಂದಿನ ರಟ್ಟು ಇರಲಿಲ್ಲ. ಅಧಿಕಾರಿ ತಿರುಗಿಸಿದರು. ಹಿಂದಿನ ರಟ್ಟೂ ಇರಲಿಲ್ಲ. ಪರದೆಯ ಸಾಲನ್ನು ಮತ್ತೊಮ್ಮೆ ಓದಿದರು.

"ಪಟ್ಟಿ ಬರೆದವರು ಯಾರು?"

"ನನ್ನ ಹೆಂಡತಿ. ಈಗಿಲ್ಲ" ಎಂದೆ.

ಅವರು ಪೆನ್ನಿನ ಮುಚ್ಚಳ ತೆಗೆದು ತಪಾಸಣೆಯ ಪುಸ್ತಕದಲ್ಲಿ ಸಹಿ ಮಾಡಿದರು. "ನಿಮ್ಮ ಪ್ರೋಗ್ರಾಮೇ ಇರಲಿ. ಅವರು ಬರೆದದ್ದು ಸರಿಯಾಗಿದೆ. ಆಮೇಲೆ ಹಿಂದಿನ ರಟ್ಟೂ ಹೋಗಿದೆ, ಅದನ್ನೂ ಸೇರಿಸಿ."

ಟೀಚರು ಟೈಪು ಮಾಡಿದಳು. ಕಿಟಕಿ ಅದಕ್ಕೆ ಬೇಕಾದಷ್ಟೇ ಹಿಗ್ಗಿತು. ಅಟೆಂಡರು ಆಕೆಯ ಕಿವಿಯ ಹತ್ತಿರ ಬಗ್ಗಿ, ಎಲ್ಲರಿಗೂ ಕೇಳುವಂತೆ ಅಂದ:

"ಇನ್ನೊಂಚೂರು ಜಾಗ ಬುಟ್ಟಿರವ್ವ. ಇಲಿ ಇನ್ನೂ ಅಲ್ಲೇ ಅದ."