ಮಕ್ಕಳ ಬುತ್ತಿಯ ಮೇಲೆ ನನ್ನ ಕಣ್ಣು

ಇನ್ನೊಬ್ಬರ ಊಟದಲ್ಲಿ ಏನು ಕಡಿಮೆಯಾಗಿದೆ ಎಂಬುದು ಮನುಷ್ಯನಿಗೆ ಬಹಳ ಬೇಗ ಕಾಣುತ್ತದೆ. ತನ್ನ ಊಟದಲ್ಲಿ ಏನು ಹೆಚ್ಚಾಗಿದೆ ಎಂಬುದನ್ನು ಮಾತ್ರ ಹೆಂಡತಿಯೇ ಹೇಳಬೇಕಾಗುತ್ತದೆ. ನಾನೂ ಇದಕ್ಕೆ ಹೊರತಲ್ಲ. ಅದರಲ್ಲೂ ನಾನು ಮಾಸ್ತರ. ಇನ್ನೊಬ್ಬರಲ್ಲಿ ಏನು ಕಡಿಮೆಯಿದೆ ಎಂದು ಹುಡುಕುವುದಕ್ಕೆ ಸರಕಾರ ನನಗೆ ತಿಂಗಳಾ ತಿಂಗಳಾ ಪಗಾರ ಕೊಡುತ್ತಿತ್ತು.

ನಾನು ಮಸ್ಕಿಯ ಶಾಲೆಗೆ ಬಂದಾಗ ನಿಜಾಮರ ಆಳ್ವಿಕೆ ಮುಗಿದು ಎರಡು ಮೂರು ವರ್ಷವಾಗಿತ್ತು. ಪಾಠದಿಂದ ಉರ್ದು ಹೋಗಿ ಕನ್ನಡ ಬಂದಿತ್ತು. ಮಾತಿನಿಂದ ಮಾತ್ರ ಯಾವುದೂ ಹೋಗಿರಲಿಲ್ಲ. ನನಗೆ ಆಗಷ್ಟೇ ಟ್ರೇನಿಂಗ್ ಮುಗಿದಿತ್ತು. ಅಲ್ಲಿ ಕಲಿತದ್ದರಲ್ಲಿ ನನ್ನ ಮನಸ್ಸಿಗೆ ಬಹಳ ಹಿಡಿಸಿದ್ದು ಸಮತೂಕದ ಆಹಾರ ಎಂಬ ವಿಷಯ. ಒಂದು ಧಾನ್ಯ, ಒಂದು ಕಾಳು, ಒಂದಿಷ್ಟು ಸೊಪ್ಪು ಅಂದರೆ ನಮ್ಮ ಕಡೆಯ ತಪ್ಪಲ ಪಲ್ಯ, ಹಾಲೋ ಮೊಸರೋ ಮಜ್ಜಿಗೆಯೋ ಒಂದು. ಇಷ್ಟು ಹೊಟ್ಟೆಗೆ ಬಿದ್ದರೆ ಮಗು ಗಟ್ಟಿಯಾಗುತ್ತದೆ, ಗಟ್ಟಿಯಾದ ಮಗುವಿಗೆ ಮಗ್ಗಿ ಬರುತ್ತದೆ. ಇದನ್ನು ನಾನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತಿದ್ದೆ. ಮಸ್ಕಿಯ ಗುಡ್ಡದಲ್ಲಿ ಅಶೋಕ ಮಹಾರಾಜ ಬರೆಸಿದ ಅಕ್ಷರ ಇಂದಿಗೂ ಬಂಡೆಯ ಮೇಲೆ ಹಾಗೇ ಇದೆ. ನಾನು ಬರೆದದ್ದು ಮಧ್ಯಾಹ್ನದ ಬಿಡುವಿನೊಳಗೆ ಅಳಿಸಿ ಹೋಗಿರುತ್ತಿತ್ತು.

ಅಳಿಸಿದರೆ ಅಳಿಸಲಿ ಎಂದು ನಾನೂ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ನನ್ನ ತರಗತಿಯಲ್ಲಿ ಅಮರಮ್ಮ ಎಂಬ ಹುಡುಗಿ ಇದ್ದಳು. ಅಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿಯ ಕೆಲಸಕ್ಕಿದ್ದ, ಊರಿಗೆ ಬರುವುದೇ ಅಪರೂಪ. ತಾಯಿ ಕಳೆ ತೆಗೆಯಲು ಕೂಲಿಗೆ ಹೋಗುತ್ತಿದ್ದಳು. ಹುಡುಗಿ ಎಂಥಾ ಚುರುಕು ಅಂತೀರಿ! ಬೆಳಿಗ್ಗೆ ಲೆಕ್ಕ ಹೇಳಿ ನಾನು ಬಾಯಿ ಮುಚ್ಚುವುದರೊಳಗೆ ಉತ್ತರ ಹೇಳುವವಳು, ಮಧ್ಯಾಹ್ನವಾದರೆ ಬರೆಯುವ ಪಾಟಿಯ ಮೇಲೆ ತಲೆ ಹಾಕಿ ಮಲಗಿಬಿಡುತ್ತಿದ್ದಳು. ಒಂದು ದಿನ ಮಗ್ಗಿ ಹೇಳಲು ಎದ್ದು ನಿಂತವಳು ಕಣ್ಣಿಗೆ ಕತ್ತಲೆ ಬಂದು ಕುಸಿದು ಬಿದ್ದಳು. ನೀರು ಚಿಮುಕಿಸಿ ಎಬ್ಬಿಸಿದೆ. ಸಂಜೆ ಅವಳ ತಾಯಿ ಬಂದು, "ಹಿಂಗ ಬೀಳೂದಾದ್ರ ಸಾಲಿ ಬಿಡಸ್ತೀನ್ರಿ ಮಾಸ್ತರ. ಬಿದ್ದ್ರ ನನ್ನ ಕಣ್ಮುಂದರ ಬೀಳಲಿ" ಅಂದಳು. ಇಂಥ ಹುಡುಗಿ ಶಾಲೆ ಬಿಟ್ಟು ಕಳೆ ತೆಗೆಯಲು ಹೋಗುವುದು ನನಗೆ ಬೇಕಿರಲಿಲ್ಲ. ಒಂದಿಷ್ಟು ದಿನ ತಡೆಯವ್ವಾ, ಇದಕ್ಕೆ ಏನಾದರೂ ಮಾಡುತ್ತೇನೆ ಎಂದು ಬೇಡಿಕೊಂಡೆ.

ಏನು ಮಾಡುವುದು? ಮೊದಲು ಯಾವ ಮಗು ಏನು ಉಣ್ಣುತ್ತದೆ ಎಂದು ನೋಡಬೇಕಲ್ಲ. ಅದೇ ಕಷ್ಟ. ನಮ್ಮ ಕಡೆ ಮಕ್ಕಳು ಬುತ್ತಿ ಉಣ್ಣುವುದು ಗೋಡೆಗೆ ಮುಖ ಮಾಡಿ. ಒಂದು ಕೈ ಬಾಯಿಗೆ, ಇನ್ನೊಂದು ಕೈ ಬುತ್ತಿಗೆ ಅಡ್ಡ. ಯಾರ ಕಣ್ಣು ತಾಗುತ್ತದೋ ಎಂದು ತಾಯಂದಿರು ಹಾಗೆ ಹೇಳಿ ಕಳಿಸಿರುತ್ತಾರೆ. ನನ್ನ ತಾಯಿಯೂ ನಮ್ಮೂರು ಗುರುಗುಂಟೆಯಲ್ಲಿ ನನಗೆ ಹೀಗೇ ಹೇಳಿ ಕಳಿಸುತ್ತಿದ್ದಳು. ಆದರೆ ಟ್ರೇನಿಂಗ್ ಆದವರಿಗೆ ತಾಯಿ ಹೇಳಿದ್ದು ಎಲ್ಲಿ ನೆನಪಿರುತ್ತದೆ? "ಎಲ್ಲಾರೂ ಈ ಕಡೆ ತಿರುಗ್ರಿ, ಬುತ್ತಿ ಬಿಚ್ಚ್ರಿ" ಎಂದು ಹುಕುಂ ಮಾಡಿ, ಕೈ ಹಿಂದೆ ಕಟ್ಟಿಕೊಂಡು ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ನೋಡುತ್ತ ಹೋದೆ. ರೈತರ ಮಕ್ಕಳದು ರೊಟ್ಟಿ, ಪುಂಡಿ ಪಲ್ಯ, ಮಡಕಿ ಕಾಳು, ಪರವಾಗಿಲ್ಲ. ಅಮರಮ್ಮನದು ಒಣ ರೊಟ್ಟಿ, ಅದರ ಮೇಲೆ ಚಿಟಿಕೆ ಖಾರದ ಪುಡಿ. ಅಷ್ಟೇ. ಕಿರಾಣಿ ಅಂಗಡಿಯ ಸಂಗಮ್ಮನವರ ಮೊಮ್ಮಗ ಬಸವರಾಜನದು ಬೆಳ್ಳನೆಯ ಅನ್ನ, ಗಟ್ಟಿ ಮೊಸರು. ದಿನವೂ ಅದೇ. ತಪ್ಪಲು ದನ ತಿನ್ನುವುದು ಎಂದು ಅವನ ಅಭಿಪ್ರಾಯ. ಆ ಹುಡುಗನ ಬಾಯಿಯ ತುದಿಗಳು ಸದಾ ಒಡೆದು ಹುಣ್ಣಾಗಿರುತ್ತಿದ್ದವು. ಅವನ ಅನ್ನವನ್ನು ನಾನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದೆ ಎನ್ನಿ. ಅನ್ನ ನಮ್ಮ ಮನೆಯಲ್ಲಿ ಹಬ್ಬಕ್ಕೆ ಮಾತ್ರ ಆಗುತ್ತಿತ್ತು.

ಅಂದೇ ಸಂಜೆ ಬಸವರಾಜನಿಗೆ ಹೊಟ್ಟೆನೋವು ಬರಬೇಕೆ! ಸಂಗಮ್ಮನವರು ನೇರವಾಗಿ ನಮ್ಮ ಮನೆಗೆ ಬಂದರು. ಆಳು ದೊಡ್ಡದು, ದನಿ ಅದಕ್ಕಿಂತ ದೊಡ್ಡದು, ಹಣೆಯ ತುಂಬ ವಿಭೂತಿ.

"ಮಾಸ್ತರ, ನಿಮಗ ಮನ್ಯಾಗ ಹೊಟ್ಟಿ ತುಂಬ ಹಾಕಂಗಿಲ್ಲೇನ್ರಿ? ಕೂಸಿನ ಬುತ್ತಿ ಮ್ಯಾಲೆ ಕಣ್ಣು ಹಾಕೀರಲ್ಲ!"

ಒಳಗಿದ್ದ ನನ್ನ ಹೆಂಡತಿ ಗೌರಮ್ಮನಿಗೆ ಇದು ಕೇಳಿಸಿತು. ಅವಳು ಮುದಗಲ್ಲಿನವಳು, ಕೋಟೆಯ ಊರಿನ ಹೆಣ್ಣುಮಗಳು, ಗಂಡನ ಪರವಾಗಿ ಹೋರಾಡುತ್ತಾಳೆ ಎಂದು ನಾನು ಎದುರು ನೋಡಿದೆ. ಅವಳು ಹೊರಗೆ ಬಂದು, "ಕುಂದರ್ರಿ ಅತ್ತಿ. ನಾನೂ ನೋಡೀನಿ, ಇವರ ಕಣ್ಣು ಸ್ವಲ್ಪ ಹಂಗ ಐತಿ" ಅಂದಳು.

ಕಣ್ಣು ತಾಗಿದ ಕೂಸಿಗೆ ದೃಷ್ಟಿ ತೆಗೆಯುವುದು ಎಲ್ಲ ಊರಲ್ಲೂ ಇದೆ. ಸಂಗಮ್ಮನವರು ಮೂಲಕ್ಕೇ ಕೈ ಹಾಕಿದರು. ನನ್ನನ್ನು ಮಣೆಯ ಮೇಲೆ ಕೂಡಿಸಿ, ಉಪ್ಪು, ಒಣ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಸುದ್ದಿ ಕೇಳಿ ಬಂದ ನಾಲ್ವರು ತಾಯಂದಿರು ಮೂಗಿಗೆ ಸೆರಗು ಹಿಡಿದು ಕಾದು ನಿಂತರು. ಎಷ್ಟು ಹೊತ್ತಾದರೂ ಘಾಟೇ ಬರಲಿಲ್ಲ. ಘಾಟು ಬರದಿದ್ದರೆ ಕಣ್ಣು ಬಹಳ ಕೆಟ್ಟದ್ದು ಎಂದು ಅರ್ಥ. "ಅಯ್ಯ ಶಿವನ! ಎಂಥಾ ಕಣ್ರೀ ನಿಮ್ಮವು!" ಎಂದರು ಸಂಗಮ್ಮನವರು. ಅವರ ದನಿಯಲ್ಲಿ ಸಿಟ್ಟು ಹೋಗಿ ಒಂದು ನಮೂನೆಯ ಗೌರವ ಬಂದಿತ್ತು. ನಿಜ ಹೇಳುತ್ತೇನೆ, ನನಗೂ ಒಳಗೊಳಗೇ ಭಯವಾಯಿತು.

ಮರುದಿನ ಬಿಡುವಿನಲ್ಲಿ ಮಕ್ಕಳು ಉಣ್ಣುವ ಮೊದಲು ಸಾಲಾಗಿ ನನ್ನ ಹತ್ತಿರ ಬಂದರು. ಪ್ರತಿಯೊಬ್ಬರ ಕೈಯಲ್ಲೂ ಒಂದು ತುತ್ತು. ಕಣ್ಣು ಹಾಕುವವರಿಗೆ ಮೊದಲು ಒಂದು ತುತ್ತು ಕೊಟ್ಟು ಉಂಡರೆ ಕಣ್ಣು ತಾಗುವುದಿಲ್ಲವಂತೆ. ಸಂಗಮ್ಮನವರು ಇಡೀ ಊರಿಗೆ ಹೇಳಿಬಿಟ್ಟಿದ್ದರು. ಬೇಡ ಎಂದರೆ ಮಗು ಅಳುತ್ತದೆ, ಉಂಡರೆ ನಾನು ಅಳಬೇಕು. ರೊಟ್ಟಿಯ ಮೇಲೆ ಝುಣಕ, ಝುಣಕದ ಮೇಲೆ ಮೊಸರನ್ನ, ಅದರ ಮೇಲೆ ಹಸಿ ಉಳ್ಳಾಗಡ್ಡಿ, ಮತ್ತೆ ರೊಟ್ಟಿ. ಒಂದು ವಾರದಲ್ಲಿ ನನ್ನ ಅಂಗಿಯ ಗುಂಡಿ ಹಾಕಲು ಬರದಂತಾಯಿತು. ರಾತ್ರಿ ಮನೆಯಲ್ಲಿ ಊಟ ಬೇಡವೆಂದರೆ ಗೌರಮ್ಮ, "ಹೊರಗಿನ ರುಚಿ ಹತ್ತೇತಿ, ಮನಿದು ಎಲ್ಲಿ ಸೇರ್ತೈತಿ?" ಎನ್ನುವಳು. ಊರ ಮಕ್ಕಳ ಆಹಾರ ಸುಧಾರಿಸಲು ಹೊರಟವನ ಆಹಾರವೇ ಕೆಟ್ಟು ಕೂತಿತ್ತು.

ಇದನ್ನೆಲ್ಲ ನಗುತ್ತ ಸಹಿಸಬಹುದಿತ್ತು. ಆದರೆ ಆ ಸಾಲಿನಲ್ಲಿ ಅಮರಮ್ಮನೂ ಬರುತ್ತಿದ್ದಳು. ಇದ್ದ ಒಂದು ರೊಟ್ಟಿಯಲ್ಲೇ ಮುರಿದು ನನಗೆ ಕೊಡುತ್ತಿದ್ದಳು. "ನಿನ್ನದು ಬ್ಯಾಡವ್ವಾ, ನೀ ಉಣ್ಣು" ಅಂದರೆ ಅವಳ ಕಣ್ಣಲ್ಲಿ ನೀರು. "ಯಾಕ ಬ್ಯಾಡ್ರಿ ಮಾಸ್ತರ? ನನಗೂ ಕಣ್ಣು ತಾಗಬಾರದಲ್ರಿ?" ಯಾವ ಹುಡುಗಿಯ ಹೊಟ್ಟೆ ತುಂಬಿಸಲು ಇದನ್ನೆಲ್ಲ ಶುರು ಮಾಡಿದೆನೋ ಅವಳದನ್ನೇ ಕಿತ್ತು ತಿನ್ನುತ್ತಿದ್ದೇನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮರುದಿನ ಮನೆಯಿಂದ ದೊಡ್ಡ ಹಿತ್ತಾಳೆಯ ತಾಟು ತಂದು ಮುಂದಿಟ್ಟುಕೊಂಡೆ. ತುತ್ತು ಬಾಯಿಗಲ್ಲ, ತಾಟಿಗೆ. ನೋಡನೋಡುತ್ತ ರೊಟ್ಟಿ, ಕಾಳು, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು, ಸೌತೆಕಾಯಿ ಎಲ್ಲ ಬಿದ್ದವು. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದದ್ದು ನನ್ನ ತೊಡೆಯ ಮುಂದೆ ಬಂದು ಕೂತಿತ್ತು! ನಾನು ಒಂದು ತುತ್ತು ತಿಂದು, ಉಳಿದದ್ದನ್ನು ಎಲ್ಲರಿಗೂ ಹಂಚಿದೆ. ಬುತ್ತಿ ಚಿಕ್ಕದಿದ್ದವರಿಗೆ ಹಿಡಿ ದೊಡ್ಡದು.

ಸುದ್ದಿ ಕೇಳಿ ಸಂಗಮ್ಮನವರು ಶಾಲೆಗೇ ಬಂದರು. "ಯಾರ ಮನಿ ರೊಟ್ಟಿ ಯಾರ ಬಾಯಿಗೆ ಹಾಕಾಕತ್ತೀರಿ ಮಾಸ್ತರ? ಜಾತಿ ಕುಲ ಏನರ ನೋಡ್ತೀರೋ ಇಲ್ಲೋ?"

"ಗುರುವಿನ ತಾಟಿನಾಗ ಬಿದ್ದದ್ದು ಪ್ರಸಾದ ಆತಲ್ರಿ? ಪ್ರಸಾದಕ್ಕ ಯಾರ ಮನಿದಂತ ಕೇಳ್ತಾರೇನ್ರಿ?"

ಅವರು ಬಗ್ಗಿ ತಾಟಿನೊಳಗೆ ಇಣುಕಿದರು. ಆಮೇಲೆ, "ಹಂಗಂದ್ರ ಸರಿ ಬಿಡ್ರಿ" ಎಂದು ಹೋದರು. ಮಾರನೆಯ ದಿನ ಬಸವರಾಜನ ಬುತ್ತಿಯಲ್ಲಿ ಅನ್ನ ದುಪ್ಪಟ್ಟು ಬಂದಿತ್ತು.

ದನ ತಿನ್ನುವ ತಪ್ಪಲನ್ನು ಬಸವರಾಜ ಪ್ರಸಾದವೆಂದು ಕಣ್ಣು ಮುಚ್ಚಿ ನುಂಗಿದ. ಕೆಲವು ವಾರಗಳಲ್ಲಿ ಅವನ ಬಾಯಿಯ ಹುಣ್ಣು ಮಾಯಿತು. ಅಮರಮ್ಮ ಮಧ್ಯಾಹ್ನವೂ ಎಚ್ಚರವಾಗಿರತೊಡಗಿದಳು. ಎಷ್ಟು ಎಚ್ಚರವೆಂದರೆ ನಾನು ಬೋರ್ಡಿನ ಮೇಲೆ ತಪ್ಪು ಲೆಕ್ಕ ಮಾಡಿದಾಗ ಹಿಡಿದುಹಾಕಿದಳು. ಶಾಲೆ ಬಿಡಿಸುವ ಮಾತನ್ನು ಅವಳ ತಾಯಿ ಮತ್ತೆ ಎತ್ತಲಿಲ್ಲ. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಅಷ್ಟರಲ್ಲಿ ನನಗೆ ಸಿಂಧನೂರಿಗೆ ವರ್ಗವಾಯಿತು. ನನಗೆ ಒಂದೇ ಚಿಂತೆ. ಹೊಸ ಮಾಸ್ತರರ ಕಣ್ಣು ಒಳ್ಳೆಯದಿದ್ದರೆ ಏನು ಗತಿ? ಕೆಟ್ಟ ಕಣ್ಣಿಲ್ಲದಿದ್ದರೆ ತುತ್ತಿಲ್ಲ, ತುತ್ತಿಲ್ಲದಿದ್ದರೆ ತಾಟಿಲ್ಲ, ಅಮರಮ್ಮ ಮತ್ತೆ ಪಾಟಿಯ ಮೇಲೆ ಮಲಗುತ್ತಾಳೆ. ಬೀಳ್ಕೊಡಲು ಬಂದ ಸಂಗಮ್ಮನವರ ಮುಂದೆ ಇದನ್ನು ತೋಡಿಕೊಂಡೆ.

"ಅದಕ್ಯಾಕ ಚಿಂತಿ ಮಾಡ್ತೀರಿ? ಹೊಸಾ ಮಾಸ್ತರನ ಕಣ್ಣು ನಿಮ್ಮದಕ್ಕಿಂತ ಕೆಟ್ಟೈತಂತ ಆಗ್ಲೇ ಊರ ತುಂಬ ಹೇಳಿ ಬಂದೀನಿ."

ಹೊಸ ಮಾಸ್ತರರು ಇನ್ನೂ ಬಸ್ಸಿನಿಂದ ಇಳಿದಿರಲಿಲ್ಲ!

"ಹಂಗಾರ... ನನ್ನ ಕಣ್ಣು?" ಎಂದೆ.

"ನಿಮ್ಮ ಕಣ್ಣಾಗ ಏನೈತ್ರಿ, ಮಣ್ಣು! ಆವತ್ತ ನಮ್ಮ ಬಸವರಾಜ ಹಸೀ ಶೇಂಗಾ ತಿಂದಿದ್ದ. ಎಂಟ ದಿನಕ್ಕ ತಾನ ಒಪ್ಪಿಕೊಂಡ. ಇನ್ನ ನಿಮ್ಮನಿ ಮೆಣಸಿನಕಾಯಿ, ಅವು ಮುಗ್ಗಿ ಖಾರ ಸತ್ತಿದ್ವು, ಘಾಟು ಎಲ್ಲಿಂದ ಬರಬೇಕು ಬಿಡ್ರಿ. ಹೇಳಾಕ ಬರೋದ್ರಾಗ ನೀವು ತಾಟು ಹಿಡಕೊಂಡು ಕುಂತಿದ್ರಿ. ನಿಜ ಹೇಳಿದ್ರ ತಾಟು ನಿಲ್ತಿತ್ತು. ಆ ಹುಡುಗಿ ಹೊಟ್ಟಿಗೆ ಏನ್ ಹಾಕ್ತಿದ್ರಿ, ನಿಮ್ಮ ಪಾಠ?"

ಅವರು ನಗುತ್ತ ಹೋದರು. ನನಗೆ ಸಮಾಧಾನವಾಗಬೇಕಿತ್ತು. ಆದರೆ ಖರೇ ಹೇಳಬೇಕೆಂದರೆ ಏನೋ ಕಳೆದುಕೊಂಡಂತಾಯಿತು. ಟ್ರೇನಿಂಗ್ ಆದ ಮನುಷ್ಯ, ವಿಜ್ಞಾನದ ಪಾಠ ಮಾಡುವವನು, ನನ್ನ ಕಣ್ಣಿನ ಶಕ್ತಿಯನ್ನು ನಾನೇ ಪೂರ್ತಿ ನಂಬಿಬಿಟ್ಟಿದ್ದೆ. ಆ ವರ್ಷ ಹುಟ್ಟಿದ ಮಗಳನ್ನು ಕೂಡ ಅಷ್ಟು ದಿನ ಒಂದು ಕಣ್ಣು ಮುಚ್ಚಿಕೊಂಡು, ಓರೆಯಾಗಿ, ಕದ್ದು ನೋಡುತ್ತಿದ್ದೆ. ಒಳಗೆ ಹೋಗಿ ತೊಟ್ಟಿಲಿನ ಮೇಲೆ ಬಗ್ಗಿ, ಮೊದಲ ಬಾರಿಗೆ ಎರಡೂ ಕಣ್ಣು ಅಗಲವಾಗಿ ತೆರೆದು, ಮನಸಾರೆ ನೋಡಿದೆ. ಅಪ್ಪನಿಗೆ ಎರಡು ಕಣ್ಣಿರುವುದನ್ನು ಎಂದೂ ಕಾಣದ ಕೂಸು ಕಿಟಾರನೆ ಕಿರುಚಿಕೊಂಡಿತು.

"ಏನ್ ಮಾಡಿದ್ರೀ ಕೂಸಿಗೆ?" ಎಂದು ಒಲೆಯ ಮುಂದಿನಿಂದ ಗೌರಮ್ಮ ಕೂಗಿದಳು.

"ಏನಿಲ್ಲ," ಎಂದೆ, "ನೋಡಿದೆ ಅಷ್ಟ."