ಗೇಟಿನೊಳಗಿನ ಟಗರು

ಸ್ಟೀಲಿನ ವಿಷಯದಲ್ಲಿ ನನಗೆ ಮೊದಲಿನಿಂದಲೂ ಒಂದು ಕುತೂಹಲ. ಅದನ್ನು ಯಾವ ಕೆಲಸಕ್ಕೆಂದು ಮಾಡಿರುತ್ತಾರೋ ಅದೊಂದನ್ನು ಬಿಟ್ಟು ಮಿಕ್ಕೆಲ್ಲ ಕೆಲಸವನ್ನೂ ಅದು ಮಾಡುತ್ತದೆ. ನಮ್ಮ ಮನೆಯಲ್ಲಿ ನಿಪ್ಪಟ್ಟು ದುಂಡಗಾಗುವುದು ಡಬ್ಬಿಯ ಮುಚ್ಚಳದಿಂದ. ಇಸ್ತ್ರಿಪೆಟ್ಟಿಗೆ ಕೈಕೊಟ್ಟ ದಿನ ಕುದಿಯುವ ನೀರು ತುಂಬಿದ ಚೊಂಬೇ ನನ್ನ ಅಂಗಿಯ ಮೇಲೆ ಓಡಾಡುತ್ತದೆ. ಮೊಬೈಲಿನ ಹಾಡು ಸರಿಯಾಗಿ ಕೇಳಿಸದಿದ್ದರೆ ಫೋನನ್ನು ದೊಡ್ಡ ಲೋಟದೊಳಗೆ ನಿಲ್ಲಿಸಿದರಾಯಿತು, ಪಕ್ಕದ ಮನೆಗೂ ಕೇಳುತ್ತದೆ. ಒಮ್ಮೆ ಮರೆತು ಅದೇ ಲೋಟಕ್ಕೆ ಮಜ್ಜಿಗೆ ಸುರಿದೆ. ಹಾಡು ನಿಂತಿತು, ಹೆಂಡತಿಯ ಮಾತು ಶುರುವಾಯಿತು.

ಇಂಥ ಸ್ಟೀಲು ಅಲಂಕಾರಕ್ಕೆ ಇಳಿದರೆ ಏನಾಗುತ್ತದೆ ಎಂಬುದು ಪರಶುರಾಂಪುರದಲ್ಲಿ ಹೊಸ ಮನೆ ಕಟ್ಟಿಸಿದ ಮೇಲೆ ಗೊತ್ತಾಯಿತು. ಮೊಳಕಾಲ್ಮೂರಿನಲ್ಲಿರುವ ನನ್ನ ಹೆಂಡತಿಯ ತಂಗಿಯ ಮನೆ ಗೇಟಿನಲ್ಲಿ ಒಂದು ನವಿಲಿದೆ. ಹಾಗಾಗಿ ನಮ್ಮ ಗೇಟಿಗೆ ಎರಡು ನವಿಲು ಬೇಕೇಬೇಕೆಂದು ನನ್ನವಳು, ಗಂಗಮ್ಮ, ಹಟ ಹಿಡಿದಳು. ನವಿಲುಗಳ ಸುತ್ತ ನೆಲದವರೆಗೂ ಫಳಫಳ ಹೊಳೆಯುವ ಸ್ಟೀಲ್ ತಗಡು. ಚಳ್ಳಕೆರೆಯಿಂದ ಬಂದ ಗೇಟು ನಿಂತದ್ದೇ ತಡ, ಬೀದಿಯ ಮಂದಿಗೆಲ್ಲ ಕನ್ನಡಿಯಾಯಿತು. ಮುಡಿದ ಹೂ ಸರಿಮಾಡಿಕೊಳ್ಳುವವರು, ಪಂಚೆಯ ಕಟ್ಟು ನೋಡಿಕೊಳ್ಳುವವರು, ಮೀಸೆ ತೀಡುವವರು. ಯಾರು ಎಷ್ಟು ಹೊತ್ತು ನಿಲ್ಲುತ್ತಾರೆಂದು ಕಿಟಕಿಯಿಂದ ನೋಡುವುದೇ ನನಗೊಂದು ಖುಷಿ.

ಹಾಗೆ ನಿಂತವರಲ್ಲಿ ಓಬಜ್ಜನ ಟಗರೂ ಒಂದು. ಓಬಜ್ಜ ದಿನವೂ ನಮ್ಮ ಬೀದಿಯಲ್ಲೇ ಕುರಿ ಹೊಡೆದುಕೊಂಡು ಹೋಗುವ ಹಿರಿಯರು. ಟಗರು ಗೇಟನ್ನು ನೋಡಿತು. ಒಳಗಿನ ಟಗರೂ ಇದನ್ನು ನೋಡಿತು. ಇದು ಹಿಂದೆ ಸರಿಯಿತು, ಅದೂ ಸರಿಯಿತು. ಇದು ಹೆದರಿ ಸರಿದದ್ದಲ್ಲ ಎಂದು ನನಗೆ ಹೊಳೆಯುವಷ್ಟರಲ್ಲಿ ‘ಢಂ’ ಎಂದು ಊರಿಗೆಲ್ಲ ಕೇಳಿಸಿತು.

“ಅಜ್ಜಾ, ಹಿಡ್ಕಳ್ರಿ ಅದನ್ನ!” ಎಂದು ಕೂಗಿದೆ.

“ಹೆಂಗೆ ಹಿಡಿಯೋದ್ರಿ? ನಿಮ್ಮ ಟಗರೇ ಮೊದಲು ಕೆಣಕೈತೆ” ಎಂದರು ಓಬಜ್ಜ, ಗಂಭೀರವಾಗಿಯೇ.

ಗೇಟು ನೆಗ್ಗಿತು. ಭಾನುವಾರ ಮೊಳಕಾಲ್ಮೂರಿನ ತಂಗಿ ಹೊಸ ಮನೆ ನೋಡಲು ಬರುವವಳಿದ್ದಳು. ಅವಳೆದುರು ನೆಗ್ಗಿದ ಗೇಟಿನ ಒಡತಿಯಾಗಿ ನಿಲ್ಲಬೇಕಲ್ಲ ಎಂದು ಗಂಗಮ್ಮನ ಮುಖ ಬಾಡಿತು. ನೋಡಿ ನನಗೂ ಸಂಕಟವಾಯಿತು. ಇನ್ನಷ್ಟು ಹಾಳಾಗದಿರಲೆಂದು ಮರುದಿನ ಗೇಟು ತೆರೆದಿಟ್ಟೆ. ಕುರಿಗಳೆಲ್ಲ ಒಳಗೆ ನುಗ್ಗಿ ಕರಿಬೇವಿನ ಗಿಡ ಮುಗಿಸಿದವು. ಅದರ ಮರುದಿನ ಗೇಟು ಮುಚ್ಚಿ ನಾನೇ ಅಡ್ಡ ನಿಂತೆ. ಟಗರಿನ ಕಣ್ಣು ನೋಡಿ ಬದಿಗೆ ಸರಿದೆ. ಇನ್ನೊಂದು ನೆಗ್ಗು ಬಿತ್ತು. ಕೊನೆಗೆ ಗಂಗಮ್ಮ ಬೀರು ತೆಗೆದು, ಗೃಹಪ್ರವೇಶದ ದಿನ ದೇವರ ಗದ್ದುಗೆಗೆ ಹಾಸಿದ್ದ ಕರಿ ಕಂಬಳಿಯನ್ನೇ ತಂದು ಗೇಟಿಗೆ ಹೊದಿಸಿದಳು.

“ದೇವರಿಗೆ ಹಾಸಿದ್ದು ಕಣೇ ಅದು” ಎಂದೆ.

“ದೇವರು ಆಡ್ಕಳಲ್ರಿ, ನನ್ನ ತಂಗಿ ಆಡ್ಕಂತಾಳೆ” ಎಂದಳು.

ಟಗರು ಬಂತು, ಕಂಬಳಿ ಮೂಸಿತು. ತನ್ನ ಕಡೆಯವರದೇ ಉಣ್ಣೆ ಎಂದು ತಿಳಿಯಿತೋ ಏನೋ, ಸುಮ್ಮನೆ ಮುಂದೆ ಹೋಯಿತು.

ಭಾನುವಾರ ತಂಗಿ ಬಂದಳು. “ಅಕ್ಕಾ, ಗೇಟಿಗೇನು ಚಳಿಜ್ವರ ಬಂದೈತಾ?” ಎಂದಳು. ನವಿಲಾದರೂ ಕಾಣಲೆಂದು ಗಂಗಮ್ಮ ಕಂಬಳಿ ಸರಿಸಿದಳು. ತಂಗಿ ನವಿಲನ್ನೂ ನೋಡಲಿಲ್ಲ, ನೆಗ್ಗನ್ನೂ ನೋಡಲಿಲ್ಲ. ಬಸ್ಸಿನಲ್ಲಿ ಕೆದರಿದ ತಲೆಯನ್ನು ಗೇಟಿನಲ್ಲಿ ನೋಡಿ ನೀವಿಕೊಂಡು ಒಳಗೆ ಹೋದಳು. ಗಂಗಮ್ಮನಿಗೆ ಹೋದ ಜೀವ ಬಂತು.

ಹೊರಗೆ ನಾನೊಬ್ಬನೇ ಉಳಿದೆ. ನೆಗ್ಗಿದ ಜಾಗದಲ್ಲಿ ಯಾರೋ ಬೋಳುತಲೆಯವನು ಹೊಟ್ಟೆ ಬಿಟ್ಟುಕೊಂಡು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ಯಾಕೋ ಅವನ ಮುಖ ನನಗೆ ಹಿಡಿಸಲಿಲ್ಲ. ಸರಿಯಾಗಿ ನೋಡೋಣವೆಂದು ಎರಡು ಹೆಜ್ಜೆ ಹಿಂದೆ ಸರಿದು ತಲೆ ಬಗ್ಗಿಸಿದೆ. ಕಿಟಕಿಯಿಂದ ಗಂಗಮ್ಮ ಚೀರಿದಳು:

“ರೀ, ನೀವೂ ಗುದ್ದಬ್ಯಾಡ್ರಿ! ಕಂಬಳಿ ಒಂದೇ ಐತೆ.”