ಜನ ಬರುವ ಪ್ಲೇಟು

ನಲವತ್ತು ದಾಟಿದ ಮೇಲೆ ಅಂಟುವ ಹವ್ಯಾಸಕ್ಕೆ ಮದ್ದಿಲ್ಲ. ಹದಿನೆಂಟರಲ್ಲಿ ಅಂಟಿದ್ದನ್ನು ಅಪ್ಪ ಬೈದು ಬಿಡಿಸುತ್ತಾರೆ, ಮೂವತ್ತರಲ್ಲಿ ಅಂಟಿದ್ದನ್ನು ಹೆಂಡತಿ ಮುಖ ಊದಿಸಿಕೊಂಡು ಬಿಡಿಸುತ್ತಾಳೆ. ನಲವತ್ತರ ನಂತರ ಯಾರೂ ನಮ್ಮ ತಂಟೆಗೆ ಬರುವುದಿಲ್ಲ, ಏನಾದರೂ ಮಾಡಿಕೊಂಡು ಹಾಳಾಗಲಿ ಎಂದು ಬಿಟ್ಟುಬಿಡುತ್ತಾರೆ. ನನಗೆ ಅಂಟಿದ್ದು ಹಳೆಯ ಹಾಡಿನ ಪ್ಲೇಟುಗಳನ್ನು ಕೂಡಿಹಾಕುವ ಚಟ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಎಲ್ಲರ ಮನೆಯಲ್ಲೂ ಟೇಪ್ ರೆಕಾರ್ಡರ್ ಇತ್ತು, ಅನುಕೂಲಸ್ಥರು ಸಿ.ಡಿ.ಯ ಮಾತಾಡುತ್ತಿದ್ದರು. ನಾನು ಹಿಂದಕ್ಕೆ ಹೊರಟೆ. ಪ್ಲೇಟಿನಿಂದ ಬರುವ ದನಿಗೆ ಜೀವವಿರುತ್ತದೆ, ಕ್ಯಾಸೆಟ್ಟಿನದು ಬರೀ ಒಣಗಿದ ದನಿ ಎಂದು ಯಾವುದೋ ವಾರಪತ್ರಿಕೆಯಲ್ಲಿ ಓದಿದ್ದೆ. ಈ ಎರಡರ ವ್ಯತ್ಯಾಸ ನನ್ನ ಕಿವಿಗೆ ಇವತ್ತಿಗೂ ಗೊತ್ತಾಗುವುದಿಲ್ಲ. ಆದರೆ ಗೊತ್ತಾಗುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಬಿಟ್ಟಿದ್ದೆ.

ಆಗ ನಾನು ಹನಗೋಡಿನಲ್ಲಿ ಹೈಸ್ಕೂಲ್ ಮೇಷ್ಟ್ರು. ಹುಟ್ಟೂರು ಕೆ.ಆರ್. ನಗರದ ಕಡೆಯದು, ಅಲ್ಲಿ ನಮ್ಮವರು ಅನ್ನುವವರು ಯಾರೂ ಉಳಿದಿರಲಿಲ್ಲ. ಮನೆಯಲ್ಲಿ ನಾನು, ಹೆಂಡತಿ ಸುಶೀಲ, ನನ್ನ ಅವ್ವ. ಅವ್ವನಿಗೆ ಇದ್ದದ್ದು ಒಂದೇ ಕೊರಗು: ಹೀಗೆ ಪರಸ್ಥಳದಲ್ಲಿ ತಾನು ಸತ್ತರೆ ಮಣ್ಣಿಗೆ ಯಾರು ಬರುತ್ತಾರೆ? ಅದಕ್ಕಾಗಿಯೇ ಹನಗೋಡಿನಲ್ಲಿ ಯಾರು ಹೋದರೂ, ಪರಿಚಯವಿರಲಿ ಇಲ್ಲದಿರಲಿ, ಮಣ್ಣಿಗೆ ಹೋಗಿ ಕೂತು ಬರುತ್ತಿದ್ದಳು. "ನಾವೋದ್ರೆ ತಾನೆ ಮಗ, ಅವ್ರೂ ಬರದು" ಅನ್ನುವಳು. ಅವಳಿಗೆ ಹಾಡಿನ ಗೊಡವೆ ಇರಲಿಲ್ಲ.

ಊರಿನಲ್ಲಿ ಮದುವೆಗೂ ಸಾವಿಗೂ ಮೈಕ್ ಸೆಟ್ ಹಾಕುತ್ತಿದ್ದವನು ಜವರಪ್ಪ. ಅವನು ಕ್ಯಾಸೆಟ್ಟಿಗೆ ತಿರುಗಿಕೊಂಡು, ಹಳೇ ಪ್ಲೇಟುಗಳನ್ನೆಲ್ಲ ಗೋಣಿಚೀಲದಲ್ಲಿ ತುಂಬಿ ಅಟ್ಟಕ್ಕೆ ಎಸೆದಿದ್ದ. ಪ್ಲೇಟು ಹಾಕುವ ಮಿಷನ್ನನ್ನೂ ಚೀಲವನ್ನೂ ನನಗೆ ಸಂತೋಷವಾಗಿಯೇ ಕೊಟ್ಟ. ಒಂದೇ ಒಂದು ಪ್ಲೇಟನ್ನು ಮಾತ್ರ ಕಂಕುಳಲ್ಲಿ ಇಟ್ಟುಕೊಂಡ.

"ಇದೊಂದ್ ಬ್ಯಾಡ ಬುಡಿ ಸಾ. ಇದು ಮನೇಲಿ ಹಾಕೋ ಪ್ಲೇಟಲ್ಲ."

"ಯಾಕಪ್ಪಾ?"

"ಇದ್ನ ಹಾಕುದ್ರೆ ಜನ ಬತ್ತಾರೆ."

ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ಜನ ಬರುವಂಥ ಸಂಗೀತ ಯಾರಿಗೆ ಬೇಡ? ಪಟ್ಟು ಹಿಡಿದು ಈಸಿಕೊಂಡೆ. ಅದು ತಂಬೂರಿಯ ಮೇಲೆ ಹೇಳಿದ ಒಂದು ತತ್ತ್ವಪದ. ಹಾಡಿದವರ ಹೆಸರು ಅಳಿಸಿಹೋಗಿತ್ತು.

ಮೊದಲ ಭಾನುವಾರ ಮಿಷನ್ನನ್ನು ಬೀದಿಯ ಕಡೆಯ ಕಿಟಕಿಯಲ್ಲೇ ಇಟ್ಟೆ. ಮನೆಯೊಳಗೆ ಕೇಳಲೆಂದು ತಂದದ್ದು ನಿಜ, ಆದರೆ ನಾನು ಕೇಳುತ್ತಿರುವುದು ನಾಲ್ಕು ಜನಕ್ಕೆ ಗೊತ್ತಾಗಬೇಡವೇ? ಅವ್ವ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಪದ ಅರ್ಧ ಆಗುವಷ್ಟರಲ್ಲಿ ಗೇಟಿನ ಹತ್ತಿರ ಜನ. ಗಂಡಸರು ತಲೆಗೆ ಟವೆಲು ಹಾಕಿಕೊಂಡಿದ್ದರು. ಕೊನೆಮನೆ ಸಿದ್ದಮ್ಮ, ಅವ್ವನ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಗಿದ್ದವಳು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತ ಬಂದವಳು ಅವರೆಕಾಯಿಯನ್ನು ಕಂಡು ನಿಂತುಬಿಟ್ಟಳು. ಪಕ್ಕದ ಮನೆಯ ಪುಟ್ಟಸ್ವಾಮಪ್ಪ ತಗ್ಗಿದ ದನಿಯಲ್ಲಿ, "ಯಾರು ಮೇಷ್ಟ್ರೇ?" ಎಂದರು.

"ಗೊತ್ತಿಲ್ಲ, ಹೆಸರು ಅಳಿಸಿಹೋಗಿದೆ" ಎಂದೆ ನಾನು.

ಆಮೇಲೆ ಅವರೇ ಬಿಡಿಸಿ ಹೇಳಿದರು. ಆ ಪ್ಲೇಟನ್ನು ಆ ಊರಿನಲ್ಲಿ ಹಾಕುವುದು ಸಾವಿನ ಮನೆಯಲ್ಲಿ ಮಾತ್ರ. ಅದು ಕಿವಿಗೆ ಬಿದ್ದರೆ ಜನ ಗುದ್ದಲಿ ಕೈಬಿಟ್ಟು ಬರುತ್ತಾರೆ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅವ್ವ ಮಾತ್ರ ಎದ್ದು ಎಲ್ಲರನ್ನೂ ಕೂರಿಸಿ ಸುಶೀಲನ ಕೈಲಿ ಕಾಫಿ ಮಾಡಿಸಿದಳು. ಸಂಜೆ ನನ್ನನ್ನು ಕರೆದಳು. ಅವಳ ಮುಖ ಅಷ್ಟು ಗೆಲುವಾಗಿದ್ದದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

"ಬೀದಿಗ್ ಬೀದಿನೇ ಬಂದಿತ್ತು ಕಣ್ ಮಗ. ಸಿದ್ದಮ್ಮನೂ ಬಂದಿದ್ಲು. ಆ ಪ್ಲೇಟ್ನ ಎತ್ತಿ ಮಡಗ್ಬುಡು. ನನ್ ದಿನುಕ್ಕೆ ಬೇಕಾಯ್ತದೆ. ಸುಮ್ಕೆ ಸವಸ್ಬ್ಯಾಡ."

ನಾನು ಕೇಳಬೇಕಲ್ಲ. ಮೇಷ್ಟ್ರ ಜಾತಿಯೇ ಹಾಗೆ, ಎದುರಿಗೆ ಅಜ್ಞಾನ ಕಂಡರೆ ಸುಮ್ಮನಿರಲು ಆಗುವುದಿಲ್ಲ. ಸಂಗೀತಕ್ಕೆ ಸೂತಕವಿಲ್ಲ, ಹಾಡನ್ನು ಹಾಡಾಗಿ ಕೇಳುವುದನ್ನು ಈ ಜನಕ್ಕೆ ಕಲಿಸಬೇಕು ಎಂದು ಅವ್ವನಿಗೇ ಭಾಷಣ ಬಿಗಿದೆ. ಚೀಲದಲ್ಲಿ ಬೇರೆ ಪ್ಲೇಟುಗಳು ಬೇಕಾದಷ್ಟಿದ್ದವು. ಅರ್ಧಕ್ಕರ್ಧ ಒಂದೇ ಸಾಲಿನಲ್ಲಿ ಸಿಕ್ಕಿಕೊಂಡು ಒದ್ದಾಡುವಂಥವು, ಎರಡನ್ನು ಸುಶೀಲ ಹಪ್ಪಳದ ಜೊತೆ ಬಿಸಿಲಿಗೆ ಇಟ್ಟು ಸೊಟ್ಟ ಮಾಡಿದ್ದಳು. ಏನೇ ಇರಲಿ, ಪ್ರತಿ ಭಾನುವಾರ ಬೆಳಿಗ್ಗೆ ಆ ತತ್ತ್ವಪದವನ್ನೇ ಹಾಕಿದೆ. ಮಿಷನ್ನಿನ ಮುಳ್ಳು ಸವೆದಾಗ ಹುಣಸೂರಿನಲ್ಲಿ ಸಿಗದೆ ಮೈಸೂರಿನವರೆಗೆ ಹೋಗಿ ತಂದು ಹಾಕಿದೆ. ಎರಡನೇ ವಾರ ಮೂವರು ಬಂದರು. ಮೂರನೇ ವಾರ ಒಬ್ಬರು, ಅವರೂ ಟವೆಲಿಲ್ಲದೆ. ಆಮೇಲೆ ಯಾರೂ ಬರಲಿಲ್ಲ. ನಾನು ಗೆದ್ದೆ.

"ಇನ್ ನಾನೋದ್ರೆ ಜನುಕ್ಕೆ ಎಂಗ್ಲಾ ಗೊತ್ತಾಗದು?" ಅಂದಳು ಅವ್ವ ಒಂದು ದಿನ. ಕೋಪ ಇರಲಿಲ್ಲ, ನಿಜವಾಗಿಯೂ ಕೇಳಿದಳು. ನಾನು ಅದನ್ನು ಸ್ಟಾಫ್ ರೂಮಿನಲ್ಲಿ ತಮಾಷೆಯಾಗಿ ಹೇಳಿದೆ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಎರಡು ವರ್ಷದ ಮೇಲೆ ಅವ್ವ ಹೋದಳು. ಜ್ವರವಿಲ್ಲ, ನೋವಿಲ್ಲ, ಒಂದು ಭಾನುವಾರ ಬೆಳಿಗ್ಗೆ ಸುಶೀಲ ಕಾಫಿ ತೆಗೆದುಕೊಂಡು ಹೋಗಿ ಎಬ್ಬಿಸಿದರೆ ಏಳಲಿಲ್ಲ. ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ ಅಲ್ಲವೇ ಎಂದು ಮಿಷನ್ನನ್ನು ಕಿಟಕಿಯಲ್ಲಿಟ್ಟು, ಸೌಂಡನ್ನು ಕೊನೆಯವರೆಗೂ ತಿರುಗಿಸಿ, ಪ್ಲೇಟು ಹಾಕಿ ಗೇಟಿನ ಹತ್ತಿರ ನಿಂತೆ. ಪದ ಮುಗಿಯಿತು. ಮತ್ತೆ ಹಾಕಿದೆ. ಮತ್ತೂ ಹಾಕಿದೆ. ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ನನ್ನನ್ನು ನೋಡಿ, ತಾಳಕ್ಕೆ ತಲೆ ತೂಗಿ ಮುಂದಕ್ಕೆ ಹೋದ. ಬೇರೆ ಯಾರೂ ಬರಲಿಲ್ಲ.

ಕೊನೆಗೆ ನಾನೇ ಪಕ್ಕದ ಮನೆಗೆ ಹೋದೆ. ಪುಟ್ಟಸ್ವಾಮಪ್ಪ ಜಗಲಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು. ನನ್ನ ಸದ್ದು ಕೇಳಿ ಸರಿದು ಜಾಗ ಮಾಡಿಕೊಟ್ಟರು.

"ಬನ್ನಿ ಮೇಷ್ಟ್ರೇ, ಕೂತ್ಕಳಿ. ಮದ್ಲು ಮದ್ಲು ಇದು ಕೇಳುದ್ರೆ ಎದೆ ಜಲ್ ಅನ್ನದು. ಈಗ ನೋಡಿ, ಭಾನ್ವಾರ ಬಂತು ಅಂದ್ರೆ ಕಾಯ್ಕಂಡ್ ಕೂತಿರ್ತೀನಿ. ಎಷ್ಟ್ ಚೆನ್ನಾಗದೆ. ಅವ್ವಾರು ಎದ್ರಾ?"

ಅಷ್ಟು ವರ್ಷ ಪಾಠ ಮಾಡಿದ ಆ ಊರಿನಲ್ಲಿ, ನಾನು ಕಲಿಸಿದ್ದು ಒಬ್ಬರ ತಲೆಗಾದರೂ ಪೂರ್ತಿಯಾಗಿ ಹತ್ತಿದ್ದನ್ನು ನಾನು ಕಂಡದ್ದು ಅವತ್ತೇ.